ಒಂದೂವರೆ ತೋಳಿನ ಹಸಿರು ಕೋಟು

ಬಟ್ಟೆ ವ್ಯಾಪಾರಕ್ಕೆ ಇಳಿಯುವ ಯಾರೇ ಬಂದು ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ. ಥಾನಿನ ಮೇಲಿನ ಪದರ ನೋಡಿ ಕೊಳ್ಳಬೇಡಿ, ನಡುವಿನಿಂದ ಒಂದು ಮೊಳ ಎಳೆದು ಬಾಗಿಲ ಬೆಳಕಿಗೆ ಹಿಡಿಯಿರಿ. ಮನಸ್ಸಿಗೆ ಹಿಡಿಸಿದ ಬಟ್ಟೆಯನ್ನು ಎರಡನೇ ಸಲ ಮುಟ್ಟಬೇಡಿ, ಸಗಟು ಅಂಗಡಿಯವನು ನಿಮ್ಮ ಮುಖ ನೋಡುವುದಿಲ್ಲ, ಕೈ ನೋಡುತ್ತಿರುತ್ತಾನೆ. ಇವೆರಡನ್ನೂ ಎಷ್ಟೋ ಜನಕ್ಕೆ ಬಿಟ್ಟಿಯಾಗಿ ಹೇಳಿಕೊಟ್ಟಿದ್ದೇನೆ. ಇನ್ನೊಂದು ಮಾತಿದೆ, ಅದನ್ನು ಯಾರಿಗೂ ಹೇಳಿಲ್ಲ. "ಬಣ್ಣ ಆರಿಸಿದವನು ನಾನು." ಇಷ್ಟೇ. ಇದನ್ನು ನನ್ನ ಅಣ್ಣನ ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ ಹೇಳಬೇಕಿತ್ತು. ಹೇಳಿದ್ದರೆ ಅಣ್ಣನ ಹೆಸರು ಉಳಿಯುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮದು ತೊಣ್ಣೂರಿನ ಪಕ್ಕದ ಒಕ್ಕಲು ಮನೆ. ಅಣ್ಣನಿಗೆ ಗದ್ದೆ ಕೆಲಸ ಹಿಡಿಸಲಿಲ್ಲ. ಚಿಕ್ಕಂದಿನಲ್ಲೇ ಹೊಲಿಗೆ ಕಲಿತು ಪಾಂಡವಪುರದಲ್ಲಿ ಒಂದು ಮಷೀನಿಟ್ಟು ಕೂತ, ನಾನು ಹೇಳುತ್ತಿರುವ ಹೊತ್ತಿಗೆ ಮೂರು ಮಷೀನು ಆಗಿದ್ದವು. ನಾನು ಸಂತೆಯವನು. ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಸಂತೆಯೋ ಅಲ್ಲಿಗೆ ಬಟ್ಟೆಯ ಗಂಟನ್ನು ಬಸ್ಸಿನ ಕ್ಯಾರಿಯರ್ ಮೇಲೆ ಎಸೆದು, ಕಂಡಕ್ಟರನ ಜೊತೆ ಲಗೇಜಿಗೆ ಚೌಕಾಸಿ ಮಾಡಿಕೊಂಡು ಹೋಗುತ್ತಿದ್ದೆ. ಮಾತು ನನ್ನದು, ಕೈ ಅವನದು ಎಂದು ಅತ್ತಿಗೆ ಹೇಳುತ್ತಿದ್ದರು. ಹೊಗಳಿಕೆಯೋ ಚುಚ್ಚುಮಾತೋ ಎಂದು ಆಗ ಯೋಚಿಸಲಿಲ್ಲ.

ಅಣ್ಣನ ಬಟ್ಟೆಗೆ ಎರಡು ಗುರುತು. ಒಂದು, ಕಾಲರಿನ ಒಳಗಿನ ಬಿಳಿ ಲೇಬಲ್ಲು: ನೀಲಿ ದಾರದಲ್ಲಿ ಅವನ ಹೆಸರು, ಕೆಳಗೆ ಪಾಂಡವಪುರ. ಇನ್ನೊಂದು ಅರಿಶಿನ. ಹೊಸ ಬಟ್ಟೆ ಹಾಕುವ ಮೊದಲು ಅಂಚಿಗೆ ಅರಿಶಿನದ ಬೊಟ್ಟು ಇಡುವುದು ನಮ್ಮ ಕಡೆ ಮನೆಮನೆಯ ಪದ್ಧತಿ. ಅಣ್ಣ ಅದನ್ನು ಅಂಗಡಿಯಲ್ಲೇ ಮಾಡಿಬಿಡುತ್ತಿದ್ದ. ಮಡಿಸಿ ಕೊಡುವ ಮುನ್ನ ಬಟ್ಟಲಲ್ಲಿ ಬೆರಳು ಅದ್ದಿ, ಒಳಮಡಿಕೆಯಲ್ಲಿ ಯಾರಿಗೂ ಕಾಣದ ಹಾಗೆ ಒಂದು ಚುಕ್ಕೆ. "ನನ್ ಕೈಯಿಂದ ಓಗೋದು ಬರೀ ಬಟ್ಟೆ ಆಗ್ಬಾರ್ದು" ಎನ್ನುತ್ತಿದ್ದ. ಪ್ರತಿ ಯುಗಾದಿಗೆ ನನ್ನ ಅಂಗಿ ಅವನೇ ಹೊಲಿಯಬೇಕು, ಅಳತೆ ಕೊಡುವ ಮಾತೇ ಇಲ್ಲ. ವರ್ಷದಲ್ಲಿ ಎಷ್ಟು ದಪ್ಪಗಾಗಿದ್ದೇನೆಂದು ಕಣ್ಣಲ್ಲೇ ಅಳೆಯುತ್ತಿದ್ದ.

ಆ ಹೊತ್ತಿಗೆ ಪಾಂಡವಪುರಕ್ಕೆ ಕೇಬಲ್ ಬಂತು, ಕೇಬಲ್ಲಿನಲ್ಲಿ ಆ ಹಾಡು ಬಂತು. ಇಂಗ್ಲಿಷ್ ಹಾಡು. ಹಾಡುಗಾರ ಯಾವ ದೇಶದವನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಉದ್ದನೆಯ ಮೆಟ್ಟಿಲು ಸಾಲು, ಹಿಂದೆ ಇಪ್ಪತ್ತು ಜನ, ಮುಂದೆ ಇವನು. ಒಂದು ಕಾಲು ಎಳೆದುಕೊಂಡು ಇಳಿಯುತ್ತಾ, ಭುಜದ ಮೇಲೆ ಕೂತ ಜೇನುಹುಳ ಒದರುವವನ ಹಾಗೆ ಭುಜ ಕುಣಿಸುತ್ತಾನೆ. ಅವನ ಕೋಟಿಗೆ ಬಲತೋಳು ಪೂರಾ, ಎಡತೋಳು ಮೊಣಕೈವರೆಗೆ ಮಾತ್ರ. ಭುಜದ ಮೇಲೆ ಸಾಲಾಗಿ ಹಿತ್ತಾಳೆ ಗುಂಡಿ. ನಮ್ಮ ಕಡೆ ಹುಡುಗರು ಅದಕ್ಕೆ ಒಂದೂವರೆ ತೋಳಿನ ಕೋಟು ಎಂದು ಹೆಸರಿಟ್ಟರು.

ನಾಲ್ಕು ನಿಮಿಷದ ಆ ಹಾಡು ನಾಲ್ಕು ತಾಲ್ಲೂಕನ್ನು ಹಿಡಿದುಕೊಂಡ ರೀತಿ ಈಗ ಹೇಳಿದರೆ ನಗುತ್ತೀರಿ. ಹುಡುಗರು ಹೊಸ ಅಂಗಿಗಳ ಎಡತೋಳು ಕತ್ತರಿಸಿಕೊಂಡು ಮನೆಯಲ್ಲಿ ಏಟು ತಿಂದರು. ನಾಗಮಂಗಲದಲ್ಲಿ ಒಬ್ಬ ಹೆಡ್‌ಮಾಸ್ಟರು ಒಂದು ತೋಳು ಮಡಿಸಿದವರನ್ನೆಲ್ಲ ಬಿಸಿಲಿಗೆ ನಿಲ್ಲಿಸಿದರೆ, ನಿಂತವರು ಅಲ್ಲೇ ಭುಜ ಒದರಿದರು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ನುಣುಪು ಸಿಮೆಂಟಿನ ಮೇಲೆ ಕಾಲೆಳೆಯದೆ ನಡೆಯುವ ಕಾಲೇಜು ಹುಡುಗನೇ ಇರಲಿಲ್ಲ. ಹೆಣದ ಮುಂದೆ ತಮಟೆ ಹೊಡೆಯುವವರು ಕೂಡ ಆ ಹಾಡಿನ ಏಟಿಗೆ ಹೊಂದಿಕೊಂಡರು. ಹೊಸಹೊಳಲಿನಲ್ಲಿ ಒಬ್ಬ ಅಜ್ಜನ ಹೆಣದ ಮುಂದೆ ಮೊಮ್ಮಕ್ಕಳು ಅದೇ ಹೆಜ್ಜೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಎಲ್ಲರೂ ಕುಣಿಯುತ್ತಿದ್ದರು, ಆದರೆ ಕೋಟು ಯಾರ ಹತ್ತಿರವೂ ಇರಲಿಲ್ಲ. ಎಲ್ಲರಿಗೂ ಬೇಕಾಗಿ ಯಾರ ಹತ್ತಿರವೂ ಇಲ್ಲದ್ದು ಕಂಡರೆ ನನ್ನಂಥವನಿಗೆ ಹಸಿವು ನಿದ್ದೆ ಇರುವುದಿಲ್ಲ.

ಅಣ್ಣನಿಗೆ ಹೇಳಿದೆ. ಅವನಿಗೆ ಮಾರಾಟದ ಚಿಂತೆ ಇಲ್ಲ, ಹೊಲಿಗೆಯ ಹುಚ್ಚು. ಪಕ್ಕದ ಮನೆಯಲ್ಲಿ ಒಂದು ಕಪ್ಪು ಬಿಳುಪು ಟೀವಿ. ಹಾಡು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ಬಂದಾಗ ಆ ಮನೆಯಾಕೆ ಕಾಂಪೌಂಡಿನಿಂದ "ಬಂತು, ಬನ್ನಿ" ಎಂದು ಕೂಗಬೇಕು, ಅಣ್ಣ ಗಿರಾಕಿಯ ಎದೆಯ ಮೇಲಿದ್ದ ಟೇಪು ಎಳೆದುಕೊಂಡು ಓಡಬೇಕು. ಟೀವಿಯ ಗಾಜಿಗೇ ಟೇಪು ಹಿಡಿದು ಭುಜಕ್ಕೂ ಗುಂಡಿಗೂ ಎಷ್ಟು ಅಂತರ, ಕಾಲರು ಎಷ್ಟು ಎತ್ತರ ಎಂದು ಅಳೆಯುತ್ತಿದ್ದ. "ಗಾಜು ಒಡುದ್ರೆ ನೀವೇ ತಂದ್ಕೊಡ್ಬೇಕು" ಎಂದು ಆಕೆ ಬೈಯುತ್ತಲೇ ಕರೆಯುತ್ತಿದ್ದಳು. ಹತ್ತು ಹನ್ನೆರಡು ಸಲ ನೋಡಿದ ಮೇಲೆ ಒಂದು ಹಳೆಯ ಹಾಸಿಗೆ ಬಟ್ಟೆಯಲ್ಲಿ ಮಾದರಿ ಹೊಲಿದ. ನಾನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಥೇಟ್ ಅದೇ. ಎಡಭುಜದ ಒಳಗೆ ಒಂದು ಗುಟ್ಟಿನ ಪಟ್ಟಿ ಕೊಟ್ಟಿದ್ದ, ಭುಜ ಒದರಿದರೆ ಇಡೀ ಕೋಟು ಒಂದು ಕ್ಷಣ ತಡೆದು ಆಮೇಲೆ ಒದರುತ್ತಿತ್ತು. ಟೀವಿಯಲ್ಲೂ ಹಾಗೇ ಆಗುತ್ತಿದ್ದದ್ದು ಅವನೊಬ್ಬನ ಕಣ್ಣಿಗೆ ಬಿದ್ದಿತ್ತು.

ಉಳಿದದ್ದು ಬಣ್ಣ.

"ಕೆಂಪು ಕಣ್ಲಾ" ಎಂದ ಅಣ್ಣ, ಒಂದು ಮಧ್ಯಾಹ್ನ ಟೀವಿ ನೋಡಿಕೊಂಡು ಬಂದವನೇ.

"ಕಪ್ಪು ಬಿಳಿ ಟೀವೀಲಿ ಕೆಂಪು ಎಂಗಣ್ಣ ಕಾಣ್ತು ನಿಂಗೆ?"

"ಆಡು ಮುಗುದ್ಮೇಲೆ ದೇವ್ರ ಪ್ರೋಗ್ರಾಮು ಬಂತು. ಅಮ್ಮೋರ ಅಣೆ ತುಂಬ ಕುಂಕ್ಮ. ಕುಂಕ್ಮ ಎಂಗ್ ಕಾಣ್ತಿತ್ತೋ ಕೋಟೂ ಅಂಗೇ ಕಾಣ್ತಿತ್ತು."

"ಅಮ್ಮೋರ ಕುಂಕ್ಮಕ್ಕೂ ಇಂಗ್ಲಿಸ್ನೋನ ಕೋಟಿಗೂ ಏನ್ ನೆಂಟಸ್ತನ? ಭುಜದ ಮ್ಯಾಲೆ ಇತ್ತಾಳೆ ಗುಂಡಿ ಅವೆ. ಅದು ಮಿಲ್ಟ್ರಿ ಕೋಟು. ಮಿಲ್ಟ್ರಿ ಅಂದ್ರೆ ಹಸ್ರು."

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅತ್ತಿಗೆ ತಲೆ ಎತ್ತದೆ, "ಡಾಕ್ಟ್ರ ಮನೇಲಿ ಕಲರ್ ಟೀವಿ ಅದೆ. ಓಗಿ ಒಂದ್ಸಲ ನೋಡ್ಕಬಂದ್ರೆ ನಮ್ ಮೈದ್ನೋರ ಕಾಲು ಸವುದೋದಾವಾ?" ಎಂದು ತಮಗೆ ತಾವೇ ಹೇಳಿಕೊಂಡರು. ಸಿಟ್ಟು ಬಂದಾಗ ಅವರು ನನ್ನ ಬಗ್ಗೆ ಬೇರೆ ಯಾರಿಗೋ ಹೇಳುವ ಹಾಗೆ ಮಾತಾಡುತ್ತಿದ್ದರು.

ಕಾಲು ಸವೆಯುತ್ತಿರಲಿಲ್ಲ. ವಿಷಯ ಬೇರೆಯಿತ್ತು. ಮೈಸೂರಿನ ಸಗಟು ಅಂಗಡಿಯೊಂದರಲ್ಲಿ ಯಾರೋ ಯೂನಿಫಾರ್ಮಿಗೆಂದು ಹೇಳಿ ಬೇಡವೆಂದ ಹಸಿರು ಬಟ್ಟೆ ಥಾನುಗಟ್ಟಲೆ ಬಿದ್ದಿತ್ತು. ನಾನು ಎರಡು ದಿನ ಅಲ್ಲಿ ಕೂತು, ಎದ್ದು ಹೋಗಿ, ಮತ್ತೆ ಬಂದು, ಟೀ ಕುಡಿದು, ಅಂಗಡಿಯವನು ಕೈ ಮುಗಿಯುವವರೆಗೆ ಚೌಕಾಸಿ ಮಾಡಿ ಮಾತು ಮುಗಿಸಿಬಿಟ್ಟಿದ್ದೆ. ಅಷ್ಟು ಚೆನ್ನಾಗಿ ಕುದುರಿಸಿದ ವ್ಯಾಪಾರವನ್ನು ಡಾಕ್ಟರ ಮನೆಯ ಟೀವಿ ಕೆಡಿಸುವುದು ಬೇಡವಾಗಿತ್ತು ನನಗೆ. ಹಸಿರೇ ಇರಬೇಕೆಂದು ನಾನು ವಾದ ಮಾಡುತ್ತಿದ್ದದ್ದು ಹಸಿರು ಕೊಂಡಾಗಿತ್ತಲ್ಲ, ಅದಕ್ಕೆ.

ಅಣ್ಣ ಒಪ್ಪಿದ. ನನ್ನ ಮಾತಿಗೆ ಒಪ್ಪುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಕತ್ತರಿ ಆಡಿಸಲು ಶುರು ಮಾಡಿದ ಮೇಲೂ, ಗುಂಡಿ ತರಲು ನಾನು ಮೈಸೂರಿಗೆ ಹೊರಟ ದಿನ, "ಅಲ್ಲೆಲ್ಲಾರ ಕಲರ್ ಟೀವೀಲಿ ಆಡು ಬಂದ್ರೆ ನೋಡ್ಕಬಾ. ತ್ವಾಳು ಇನ್ನೂ ಕತ್ರಿಸಿಲ್ಲ" ಎಂದ.

ನೋಡಿದೆ. ಟೀವಿ ಮಾರುವ ದೊಡ್ಡ ಅಂಗಡಿಯ ಗಾಜಿನ ಹಿಂದೆ ಏಳೆಂಟು ಟೀವಿ ಸಾಲಾಗಿಟ್ಟಿದ್ದರು, ಎಲ್ಲದರಲ್ಲೂ ಅದೇ ಹಾಡು. ಏಳೆಂಟು ಮೆಟ್ಟಿಲು ಸಾಲು, ಏಳೆಂಟು ಹಾಡುಗಾರರು, ಏಳೆಂಟು ಕೋಟು. ಕುಂಕುಮದಷ್ಟೇ ಕೆಂಪು. ಕೈಯಲ್ಲಿ ಗುಂಡಿಯ ಪೊಟ್ಟಣ ಹಿಡಿದು ಹಾಡು ಮುಗಿಯುವವರೆಗೆ ನಿಂತಿದ್ದೆ. ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿಕೊಂಡೆ: ನಮ್ಮ ಕಡೆ ಹಳ್ಳಿಗಳಲ್ಲಿ ಇರುವುದೆಲ್ಲ ಕಪ್ಪು ಬಿಳುಪು. ಅದರಲ್ಲಿ ಹಸಿರೂ ಬೂದಿ, ಕೆಂಪೂ ಬೂದಿ. ಯಾರಿಗೆ ಗೊತ್ತಾಗುತ್ತದೆ?

"ಆಡು ಬಂತೇನ್ಲಾ?" ಎಂದ ಅಣ್ಣ, ಗುಂಡಿಗಳನ್ನು ಅಂಗೈಯಲ್ಲಿ ಸುರಿದುಕೊಳ್ಳುತ್ತಾ.

"ಇಲ್ಲ ಕಣಣ್ಣ. ಬರ್ನಿಲ್ಲ."

ಗಣಪತಿ ಹಬ್ಬಕ್ಕೆ ಮುಂಚೆ ಕೋಟುಗಳೆಲ್ಲ ಮಾರಿಹೋದವು. ಶ್ರೀರಂಗಪಟ್ಟಣದಲ್ಲಿ ಗಣಪತಿ ಕೂರಿಸಿದ್ದ ಯುವಕರ ಸಂಘವೊಂದು ಡ್ಯಾನ್ಸ್ ಸ್ಪರ್ಧೆ ಇಟ್ಟಿತ್ತು. ಬೆಳಗೊಳದ ತಂಡ, ಕೆ.ಆರ್. ಪೇಟೆಯ ತಂಡ, ನಾಗಮಂಗಲದ ತಂಡ, ಮೂರಕ್ಕೂ ನಮ್ಮದೇ ಕೋಟು. ಅಣ್ಣ ಒಂದೊಂದಕ್ಕೂ ಲೇಬಲ್ಲು ಹೊಲಿದು, ಒಂದೊಂದರ ಒಳಮಡಿಕೆಗೂ ಅರಿಶಿನ ಇಟ್ಟಿದ್ದ. ಜನ ಹೊಲಿಗೆ ನೋಡಬೇಕೆಂದು ಅಂಗಡಿಗೆ ಬಾಗಿಲು ಹಾಕಿ ಅತ್ತಿಗೆಯನ್ನೂ ಕರೆದುಕೊಂಡು ಬಂದಿದ್ದ. ಅಣ್ಣ ಅಂಗಡಿ ಮುಚ್ಚಿದ್ದನ್ನು ನಾನು ಕಂಡದ್ದು ಕಡಿಮೆ.

ಬಿಸಿಲಿನ್ನೂ ಇತ್ತು. ಮೊದಲು ಮೈಸೂರಿನಿಂದ ಬಂದ ಒಂದು ತಂಡ ವೇದಿಕೆ ಹತ್ತಿತು. ಕೆಂಪು. ಅವರದು ಹೊಲಿಗೆ ಕೆಟ್ಟದಾಗಿತ್ತು, ತೋಳು ಎಳೆಯುತ್ತಿತ್ತು, ಗುಂಡಿ ಸೊಟ್ಟಗಿದ್ದವು. ಆದರೆ ಕೆಂಪು. ಜನ ಕೂಗಿದರು. ಅವರ ಬೆನ್ನ ಹಿಂದೆಯೇ ನಮ್ಮ ಬೆಳಗೊಳದ ಹುಡುಗರು ಹಸಿರಿನಲ್ಲಿ ಬಂದು ನಿಂತರು. ಆಮೇಲೆ ಗುಂಪಿನ ನಡುವಿನಿಂದ ಒಂದು ದನಿ:

"ಲೇ, ಫಾರೆಸ್ಟ್‌ನೋರು ಬಂದವ್ರೆ. ಸೌದೆ ಗಿವ್ದೆ ಇದ್ರೆ ಅಡುಗುಸ್ರಲಾ."

ಅಷ್ಟು ಸಾಕಾಯಿತು. ಹುಡುಗರು ಕುಣಿದರು, ಮೈಸೂರಿನವರಿಗಿಂತ ಚೆನ್ನಾಗಿಯೇ ಕುಣಿದರು, ಕೋಟು ತಡೆದು ತಡೆದು ಒದರಿತು. ಯಾರೂ ಅದನ್ನು ನೋಡಲಿಲ್ಲ. ಪ್ರತಿ ಹೆಜ್ಜೆಗೂ "ಸೌದೆ, ಸೌದೆ" ಎಂದು ತಾಳ ಹಾಕಿದರು. ಕೆ.ಆರ್. ಪೇಟೆಯವರು ಕೋಟು ಬಿಚ್ಚಿಟ್ಟು ಬನಿಯನ್ನಿನಲ್ಲೇ ಕುಣಿದರು. ನಾಗಮಂಗಲದವರು ವೇದಿಕೆ ಹತ್ತಲೇ ಇಲ್ಲ. ಅಣ್ಣ ನನ್ನ ಕಡೆ ತಿರುಗಲಿಲ್ಲ. ಮೈಸೂರಿನವರ ತೋಳನ್ನೇ ನೋಡುತ್ತಿದ್ದ. ಅತ್ತಿಗೆ ನನ್ನನ್ನು ನೋಡುತ್ತಿದ್ದರು.

ಮರುದಿನ ಬೆಳಗ್ಗೆ ಮೂರು ತಂಡದವರೂ ಕೋಟುಗಳನ್ನು ಮೂಟೆ ಕಟ್ಟಿಕೊಂಡು ಪಾಂಡವಪುರದ ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಮುಂದೆ ನಿಂತವನು ಬೆಳಗೊಳದ ತಂಡದ ಮುಖಂಡ. ಹಿಂದೆ ರಸ್ತೆಯವರೆಗೂ ಜನ.

"ಅಣ್ಣೋ, ಕಣ್ಣು ಕಾಣಾಕಿಲ್ವಾ ನಿಮ್ಗೆ?" ಎಂದು ಮೂಟೆಯನ್ನು ಕಟಿಂಗ್ ಟೇಬಲ್ಲಿನ ಮೇಲೆ ಕುಕ್ಕಿದ. "ಪ್ಯಾಟೆ ಮುಂದೆ ಮರ್ವಾದಿ ತೆಗುದ್ಬುಟ್ರಲ್ಲ. ನಾಳೆ ನಮ್ ಊರಲ್ಲಿ ಎಂಗ್ ತಿರ್ಗಾಡಾದು? ಯಾರ್ರೀ ಯೋಳಿದ್ದು ಹಸ್ರು ಅಂತ?"

ಎಲ್ಲರೂ ಅಣ್ಣನನ್ನು ನೋಡುತ್ತಿದ್ದರು, ಯಾಕೆಂದರೆ ಕಾಲರಿನಲ್ಲಿ ಅವನ ಹೆಸರಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಹೇಳಬೇಕಾದ ಗಳಿಗೆ ಅದೇ. ಬೆಳಗೊಳದವನು ಬೇಕಾದರೆ ನನಗೆ ಎರಡು ಬಿಡುತ್ತಿದ್ದ, ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ನನಗೆ ಏಟಿನ ಹೆದರಿಕೆ ಇರಲಿಲ್ಲ. ಆದರೆ ಸಂತೆಯಲ್ಲಿ ನನ್ನನ್ನು ನಂಬುವುದು ನನ್ನ ಕಣ್ಣನ್ನು ನಂಬಿ. ಇವನಿಗೆ ಬಣ್ಣವೇ ಗೊತ್ತಿಲ್ಲ ಎಂದು ಮಾತು ಹೊರಟರೆ ಕೆ.ಆರ್. ಪೇಟೆಯಲ್ಲಿ ನನ್ನ ಗಂಟು ಬಿಚ್ಚುವ ಹಾಗಿಲ್ಲ. ಇಷ್ಟೂ ಲೆಕ್ಕ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಲೆಯಲ್ಲಿ ಮುಗಿಯಿತು.

"ನಂಗೇನ್ ಗೊತ್ತಪ್ಪ?" ಎಂದೆ. "ನಾನು ಬಟ್ಟೆ ತರೋನು. ಅಣ್ಣ ಯೋಳಿದ್ ಬಣ್ಣ ತಂದೆ."

ಅಣ್ಣನ ಕೈಯಲ್ಲಿ ಸೀಮೆಸುಣ್ಣವಿತ್ತು. ಅದನ್ನು ಟೇಬಲ್ಲಿನ ಮೇಲಿಟ್ಟ. ನನ್ನನ್ನು ನೋಡಿದ್ದು ಬಹಳ ಹೊತ್ತೇನಲ್ಲ.

"ಹೂಂ" ಎಂದ. "ನಾನೇ ಯೋಳಿದ್ದು. ತೆಪ್ಪಾಯ್ತು."

ಆಮೇಲೆ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು ಕೂತ. ಮೂಟೆ ಬಿಚ್ಚಿ ಒಂದೊಂದೇ ಕೋಟಿನ ಕಾಲರು ಮಗುಚಿ, ದಾರ ಕತ್ತರಿಸಿ, ಲೇಬಲ್ಲು ಕಿತ್ತು, ಕೋಟನ್ನು ಮತ್ತೆ ಮಡಿಸಿ ಪಕ್ಕಕ್ಕಿಟ್ಟ. "ಓಗ್ಲಿ ಬುಡಣ್ಣ, ಅದ್ಯಾಕೆ ಈಗ" ಎಂದ ಬೆಳಗೊಳದವನೇ. ಅಣ್ಣ ಕೊನೆಯ ಕೋಟಿನವರೆಗೆ ನಿಲ್ಲಿಸಲಿಲ್ಲ. ಕಿತ್ತ ಲೇಬಲ್ಲುಗಳನ್ನು ಅತ್ತಿಗೆ ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು.

ಅಂದಿನಿಂದ ಅಣ್ಣ ಗಂಡಸರ ಬಟ್ಟೆ ಹೊಲಿಯುವುದು ಬಿಟ್ಟ. ಬಿಟ್ಟ ಎನ್ನುವುದಕ್ಕಿಂತ ಗಂಡಸರು ಬರುವುದು ನಿಂತಿತು. "ಸೌದೆ ಟೈಲರು" ಎಂಬ ಹೆಸರು ಕೆ.ಆರ್. ಪೇಟೆಯ ಸಂತೆಯವರೆಗೂ ಬಂತು. ಅಲ್ಲಿ ನನ್ನ ಎದುರಿಗೇ ಅಂದವರಿದ್ದಾರೆ, ನಾನು ನಕ್ಕಿದ್ದೇನೆ. ಅಣ್ಣ ಎರಡು ಮಷೀನು ಮಾರಿ ಉಳಿದ ಒಂದರಲ್ಲಿ ಲಂಗ, ದಿಂಬಿನ ಚೀಲ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದುಕೊಂಡಿದ್ದ. ಮುಂದಿನ ಯುಗಾದಿಗೆ ನನ್ನ ಅಂಗಿ ಬರಲಿಲ್ಲ. ಹೋಗಿ ಕೇಳಲೂ ಇಲ್ಲ ನಾನು.

ನಾನು ಮಾತ್ರ ಮೇಲೆ ಬಂದೆ. ತಿರುಗಿ ಬಂದ ಆ ಹಸಿರು ಕೋಟುಗಳನ್ನು ನಾಗಮಂಗಲದ ಸಂತೆಯಲ್ಲಿ ಚಳಿಗೆ ಒಳ್ಳೆಯದೆಂದು ಕಾವಲುಗಾರರಿಗೂ ಹಾಲು ಹಾಕುವವರಿಗೂ ಮಾರಿ ಮುಗಿಸಿದೆ. ಬೆಂಗಳೂರಿನಿಂದ ಕಾರ್ಖಾನೆಯ ಕೆಂಪು ಕೋಟು ತರಿಸಿದೆ, ಮರ್ಯಾದೆ ಹೋಯಿತೆಂದ ಹುಡುಗರೇ ಬಂದು ಕೊಂಡರು. ಅದೇ ಕೋಟಿನ ಲಾಭದ ಮೇಲೆ ಶ್ರೀರಂಗಪಟ್ಟಣದಲ್ಲಿ ರೆಡಿಮೇಡ್ ಅಂಗಡಿ ಹಾಕಿದೆ. ಹಾಡು ಹಳೆಯದಾಯಿತು, ಹೊಸ ಹಾಡುಗಳು ಬಂದವು, ಕೋಟು ಹೋಗಲಿಲ್ಲ. ಮದುವೆಯ ವಾಲಗದ ಹಿಂದೆ ಅದೇ ಹೆಜ್ಜೆ, ಸ್ಕೂಲ್ ಡೇ ಬಂದರೆ ಅದೇ ಕೋಟು. ಟೀವಿ ನೋಡಿದವರ ತಮ್ಮಂದಿರು ಅಣ್ಣಂದಿರನ್ನು ನೋಡಿ ಕಲಿತರು, ಅವರನ್ನು ನೋಡಿ ಇನ್ನೂ ಚಿಕ್ಕವರು ಕಲಿತರು. ಮೂಲ ಹಾಡು ನೋಡದವರೇ ಹೆಚ್ಚಾದ ಮೇಲೂ ಭುಜ ಒದರುವುದು ನಿಲ್ಲಲಿಲ್ಲ. ಒಂದು ಸಲ ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋಗುವಾಗ ಒಂದು ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸಿದ ಬೆದರುಬೊಂಬೆಗೆ ಹಸಿರು ಕೋಟು ಹಾಕಿದ್ದರು. ಒಂದೂವರೆ ತೋಳು. ಗಾಳಿಗೆ ಅದು ಒಂದು ಕ್ಷಣ ತಡೆದು ಆಮೇಲೆ ಒದರಿತು. ಅಷ್ಟು ವರ್ಷ ಮಳೆ ಬಿಸಿಲು ತಿಂದೂ ಅಣ್ಣನ ಪಟ್ಟಿ ಬಿಟ್ಟಿರಲಿಲ್ಲ. ನಾನು ಆಚೆ ಕಿಟಕಿಗೆ ತಿರುಗಿ ಕೂತೆ.

ದಶಕ ಮುಗಿಯುತ್ತಾ ಬಂದ ವರ್ಷ ನನ್ನ ಮಗಳ ಸ್ಕೂಲ್ ಡೇ ಬಂತು. ಮೂರನೇ ಕ್ಲಾಸು. ಅದೇ ಹಾಡು, ಅದೇ ಕೋಟು. ನಮ್ಮ ಅಂಗಡಿಯದೇ ತೆಗೆದುಕೊಟ್ಟೆ. ಹಾಕಿಕೊಂಡು ಕುಣಿದು ನೋಡಿ, "ಭುಜ ಬರಲ್ಲ ಇದ್ರಲ್ಲಿ. ದೊಡ್ಡಪ್ಪನ ಹತ್ರ ಹೊಲಿಸ್ಕೊಡು" ಎಂದು ಹಟ ಹಿಡಿದಳು. ಅವಳಮ್ಮ ಏನೋ ಹೇಳಿಕೊಟ್ಟಿದ್ದಳೆಂದು ಕಾಣುತ್ತದೆ. ಒಂದು ಭಾನುವಾರ ಕರೆದುಕೊಂಡು ಹೋದೆ.

ಅಂಗಡಿಯಲ್ಲಿ ಯೂನಿಫಾರ್ಮು ಹೊಲಿಸಲು ಬಂದ ಮೂರು ನಾಲ್ಕು ಜನ ಕೂತಿದ್ದರು. ಅಣ್ಣ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ಏನವ್ವ, ನಿಮ್ಮಪ್ಪನ್ ಅಂಗ್ಡೀಲಿ ಕೋಟಿಲ್ವಾ?" ಎಂದು ನಗಿಸಿ, ಅಳತೆ ತೆಗೆದ. ಚೀಟಿಯಲ್ಲಿ ಬರೆದುಕೊಂಡ. ಆಮೇಲೆ, ಬೇರೆ ಗಿರಾಕಿಗಳನ್ನು ಕೇಳುವ ದನಿಯಲ್ಲೇ, ನನ್ನನ್ನು ಕೇಳಿದ:

"ಬಣ್ಣ?"

"ಕೆಂಪು" ಎಂದೆ.

ಅದನ್ನೂ ಬರೆದುಕೊಂಡ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಟೇಪು ಕೊರಳಿಗೆ ಹಾಕಿಕೊಂಡು, "ಆವತ್ತು ಗುಂಡಿ ತರಕ್ಕೆ ಮೈಸೂರ್ಗೆ ಓಗಿದ್ದಲ್ಲ" ಎಂದ. "ಆಡು ಬಂದಿತ್ತೇನ್ಲಾ?"

ಕೂತಿದ್ದವರು ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಕಾಜಾ ಹಾಕುತ್ತಿದ್ದ ಅತ್ತಿಗೆಯ ಸೂಜಿ ಮಾತ್ರ ನಿಂತಿತು. ಅಣ್ಣನಿಗೆ ಉತ್ತರ ಗೊತ್ತಿತ್ತು, ಅವನು ಕೇಳಿದ್ದು ಅದಕ್ಕಲ್ಲ. ಇನ್ನೊಂದು ಸಲ ಬಾಗಿಲು ತೆರೆದು ಹಿಡಿದಿದ್ದ, ಅಷ್ಟೇ. ನಾನು ಬೇರೆಯವರಿಗಾದರೆ ಹೇಳಿಕೊಡುತ್ತಿದ್ದೆ: ಇಷ್ಟು ಅಗ್ಗಕ್ಕೆ ಮತ್ತೆ ಸಿಗುವುದಿಲ್ಲ, ಯೋಚಿಸಬೇಡ, ತೆಗೆದುಕೊಂಡುಬಿಡು.

ಮಗಳು ಸ್ಟೂಲಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

"ಗ್ಯಾನ ಇಲ್ಲ ಕಣಣ್ಣ" ಎಂದೆ.

"ಅಂಗಾ" ಎಂದು ಅವಳನ್ನು ಎತ್ತಿ ಕೆಳಗಿಳಿಸಿದ. "ಗುರ್ವಾರ ಬಂದು ಈಸ್ಕಳಿ."

ಗುರುವಾರ ನಾನು ಹೋಗಲಿಲ್ಲ, ನನ್ನ ಹೆಂಡತಿ ಹೋಗಿ ತಂದಳು. ಎಲ್ಲರಿಗೂ ಕೊಡುವ ಹಾಗೆ ಪೇಪರಿನಲ್ಲಿ ಸುತ್ತಿ, ಎಲ್ಲರಿಂದ ತೆಗೆದುಕೊಳ್ಳುವಷ್ಟೇ ಮಜೂರಿ ತೆಗೆದುಕೊಂಡಿದ್ದ. ಮಗಳು ಹಾಕಿಕೊಳ್ಳುವ ಮೊದಲು ಕಾಲರು ಮಗುಚಿ ನೋಡಿದೆ, ಲೇಬಲ್ಲು ಇರಲಿಲ್ಲ. ಎಡಭುಜದ ಒಳಮಡಿಕೆಯಲ್ಲಿ ಅರಿಶಿನದ ಚುಕ್ಕೆ ಇತ್ತು, ಅದು ಮಗುವಿಗೆ. ಸ್ಕೂಲ್ ಡೇ ದಿನ ಅವಳು ಭುಜ ಒದರಿದಾಗ ಮಿಕ್ಕ ಹತ್ತು ಮಕ್ಕಳ ಕೋಟು ಒಂದು ಥರ, ಇವಳದೊಂದು ಥರ. ಮುಗಿದ ಮೇಲೆ ಟೀಚರು ಬಂದು, "ಎಷ್ಟು ಚೆನ್ನಾಗಿದೆ ಸಾರ್, ಇದು ಎಲ್ಲಿ ಹೊಲಿಸಿದ್ದು?" ಎಂದು ಕೇಳಿದರು.

"ಪಾಂಡವಪುರದಲ್ಲಿ ಒಬ್ರು ಇದಾರೆ ಮೇಡಂ" ಎಂದೆ.